ಏನು ಬಿಟ್ಟರೂ ಗುಳಿಗೆ ಬಿಡಬೇಡಿ

ನನ್ನ ಕೈಗಳು ನಡುಗುತ್ತವೆ. ವಯಸ್ಸಾದದ್ದಕ್ಕಲ್ಲ, ಮೊದಲಿನಿಂದಲೂ ಹಾಗೆಯೇ. ಪರೀಕ್ಷೆಗೆ ಕೂತಾಗ ನಡುಗಿದವು, ಮದುವೆಯಲ್ಲಿ ಅಕ್ಕಿಕಾಳು ಬೀಳುವಾಗ ನಡುಗಿದವು, ಕೆಲಸಕ್ಕೆ ಸೇರಿದ ದಿನ ಸಹಿ ಹಾಕುವಾಗ ನನ್ನ ಹೆಸರು ನನಗೇ ಓದಲು ಬರದಷ್ಟು ಸೊಟ್ಟಗೆ ಬಿತ್ತು. ನಾನು ಅಂಜುಬುರುಕಿ. ಇಂಥವಳು ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಊಟ ತಿಂಡಿಯ ಸಲಹೆ ಕೊಡುತ್ತ ನೌಕರಿಯ ಆಯುಷ್ಯ ಕಳೆದೆ. ವಾರದಲ್ಲಿ ಒಂದು ದಿನ ಟಿಕೋಟಾ, ಒಂದು ದಿನ ಬಬಲೇಶ್ವರ, ಉಳಿದ ದಿನ ನಗರದ ಆಸ್ಪತ್ರೆಯ ಕೊನೆಯ ಕೋಣೆ. ಆ ಕೋಣೆಗೆ ಈಗ ನೀವಿಬ್ಬರು ಹುಡುಗಿಯರು ಬಂದಿದ್ದೀರಿ. ಪುಸ್ತಕದಲ್ಲಿ ಇಲ್ಲದ್ದನ್ನು ಬರೆದುಕೊಡಿ ಮೇಡಂ ಎಂದು ಕೇಳಿದಿರಿ. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು ಇವನ್ನೆಲ್ಲ ಬಿಟ್ಟು, ನನ್ನ ನಿದ್ದೆ ಕೆಡಿಸಿದ ಸಂಗತಿಗಳನ್ನಷ್ಟೇ ಬರೆಯುತ್ತೇನೆ.

ಮೊದಮೊದಲು ಬೆರಳು ಚುಚ್ಚಿ ರಕ್ತ ನೋಡುವ ಕೆಲಸವೂ ನನ್ನದೇ ಆಗಿತ್ತು. ಸೂಜಿ ಹಿಡಿದ ನನ್ನ ಕೈ ನಡುಗುವುದನ್ನು ಕಂಡು ರೋಗಿಗಳೇ ನನಗೆ ಧೈರ್ಯ ಹೇಳುತ್ತಿದ್ದರು. ಬಬಲೇಶ್ವರದ ಒಬ್ಬ ಯಜಮಾನರು, ಚುಚ್ಚಿಸಿಕೊಳ್ಳುವವನು ನಾನು, ನೀವ್ಯಾಕೆ ಅಂಜುತ್ತೀರಿ ಎಂದು ನಕ್ಕು ತಮ್ಮ ಬೆರಳನ್ನು ತಾವೇ ಸೂಜಿಗೆ ಒತ್ತಿಕೊಂಡಿದ್ದರು. ಬರುಬರುತ್ತ ನನಗೆ ಒಂದು ಅಡ್ಡಹೆಸರೂ ಬಿತ್ತು, ರೊಟ್ಟಿ ಅಕ್ಕಾರು. ಕೂತವರನ್ನು ನಾನು ಮೊದಲು ಕೇಳುತ್ತಿದ್ದುದೇ ಎಷ್ಟು ರೊಟ್ಟಿ ಉಣ್ಣುತ್ತೀರಿ ಎಂದು. ನಮ್ಮ ಕಡೆ ಈ ಪ್ರಶ್ನೆ ಕೇಳಬಾರದು. ಉಣ್ಣುವವರ ರೊಟ್ಟಿ ಎಣಿಸಿದರೆ ಅವರಿಗೆ ದಕ್ಕುವುದಿಲ್ಲ ಎಂದು ಮನೆಯ ಹೆಂಗಸರೂ ಎಣಿಸುವುದಿಲ್ಲ. ಹಾಗಾಗಿ ಯಾರೂ ನನಗೆ ನಿಜ ಹೇಳುತ್ತಿರಲಿಲ್ಲ. ಎಲ್ಲರೂ ಒಂದೂವರೆ ರೊಟ್ಟಿಯವರೇ.

ನಮ್ಮ ದೊಡ್ಡ ಡಾಕ್ಟರು ಗಟ್ಟಿ ದನಿಯವರು, ಒಳ್ಳೆಯ ಮನಸ್ಸಿನವರು, ತಾಳ್ಮೆ ಮಾತ್ರ ಇರಲಿಲ್ಲ. ಅವರನ್ನು ರೇಗಿಸುತ್ತಿದ್ದ ಸಂಗತಿ ಒಂದೇ, ಜನ ಗುಳಿಗೆ ತಪ್ಪಿಸುವುದು. ನಮ್ಮಲ್ಲಿ ವಾರ ಮಾಡುವವರು ಬಹಳ. ಸೋಮವಾರವೋ ಗುರುವಾರವೋ ಉಪವಾಸ ಹಿಡಿದವರು ಆ ದಿನ ಗುಳಿಗೆಯನ್ನೂ ಬಿಡುತ್ತಿದ್ದರು, ಅದೂ ಊಟದ ಲೆಕ್ಕವೇ ಎಂದು. ಅದೇ ದಿನ ಫರಾಳ ಎಂದು ಸಾಬುದಾಣಿ ಖಿಚಡಿ, ಬಾಳೆಹಣ್ಣು, ಗೆಣಸು ತಿಂದು ಬಂದು, ಮುಂಜಾನೆಯಿಂದ ಏನೂ ತಿಂದಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತಿದ್ದರು. ಸಕ್ಕರೆ ನೋಡಿದರೆ ಎದೆ ಧಸಕ್ ಎನ್ನುವಂತಿರುತ್ತಿತ್ತು. ಒಂದು ದಿನ ಡಾಕ್ಟರು ಸಿಟ್ಟಿಗೆದ್ದು ಪೇಂಟರನ್ನು ಕರೆಸಿ ನನ್ನ ಕೋಣೆಯ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದರು, 'ಏನು ಬಿಟ್ಟರೂ ಗುಳಿಗೆ ಬಿಡಬೇಡಿ'. ಓದಲು ಬಾರದವರಿಗೆ ನಾನು ಬಾಯಿಂದ ಹೇಳಬೇಕು. ಹೇಳಿದೆ. ನಗರದಲ್ಲಿ ಹೇಳಿದೆ, ಟಿಕೋಟಾದಲ್ಲಿ ಹೇಳಿದೆ, ಬಬಲೇಶ್ವರದಲ್ಲಿ ಹೇಳಿದೆ. ಮನೆಯಲ್ಲಿ ತಮ್ಮನಿಗೂ ಹೇಳಿದೆ.

ಆ ಮಾತು ಆಗ ಸರಿಯಾಗಿಯೇ ಇತ್ತು. ಇದನ್ನು ನೆನಪಿನಲ್ಲಿ ಇಟ್ಟುಕೊಂಡು ಮುಂದೆ ಓದಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೊಂದು ಅಚ್ಚು ಹಾಕಿದ ಆಹಾರ ಪಟ್ಟಿ ಕೊಟ್ಟಿದ್ದರು. ಅದರಲ್ಲಿ ರಾಗಿ ಮುದ್ದೆ, ಇಡ್ಲಿ, ಸಾಂಬಾರು ಎಂದಿತ್ತು. ರಾಗಿ ಹಿಟ್ಟಿಗಾಗಿ ನಾನೇ ಗಾಂಧಿ ಚೌಕದ ಅಂಗಡಿಗಳನ್ನೆಲ್ಲ ಸುತ್ತಿದ್ದೆ. ಜೋಳ ಉಣ್ಣುವ ಊರಿಗೆ ಈ ಪಟ್ಟಿ ಯಾಕೆ ಬಂತೋ ತಿಳಿಯದೆ ಅದನ್ನು ಮಡಚಿಟ್ಟು, ಬಾಯಿಮಾತಿನಲ್ಲಿ ಪಥ್ಯ ಮಾಡಿರಿ ಎಂದು ಹೇಳತೊಡಗಿದೆ. ನಾನು ಮಾಡಿದ ಮೊದಲ ಎಡವಟ್ಟು ಆ ಒಂದು ಶಬ್ದ.

ಕಾಖಂಡಕಿಯ ಒಬ್ಬ ಅಜ್ಜನನ್ನು ಸೊಸೆ ಕರೆದುಕೊಂಡು ಬಂದಿದ್ದಳು. ಪಥ್ಯ ಹೇಳಿ ಕಳಿಸಿದೆ. ಮುಂದಿನ ಸಲ ಬಂದಾಗ ಅಜ್ಜ ಸೊರಗಿದ್ದ, ಸಕ್ಕರೆ ಇಳಿಯುವುದಿರಲಿ, ಏರಿತ್ತು. ಏನು ಕೊಡುತ್ತೀರಿ ಎಂದು ಸೊಸೆಯನ್ನು ಕೇಳಿದರೆ ಅವಳು ಹೆಮ್ಮೆಯಿಂದ ಹೇಳಿದಳು, ರೊಟ್ಟಿ ಮುಟ್ಟಲಿಕ್ಕೆ ಕೊಟ್ಟಿಲ್ಲ, ಮುಂಜಾನೆ ರವೆಯ ಗಂಜಿ, ಮಧ್ಯಾಹ್ನ ಮೆತ್ತನೆಯ ಅನ್ನ ಹಾಲು, ಸಂಜೆಗೆ ಬ್ರೆಡ್ಡು. ನಮ್ಮ ಮನೆಗಳಲ್ಲಿ ಪಥ್ಯ ಎಂದರೆ ಅದೇ ಅಲ್ಲವೇ? ಜ್ವರ ಬಂದವರಿಗೆ, ಬಾಣಂತಿಗೆ, ಹಾಸಿಗೆ ಹಿಡಿದವರಿಗೆ ಕೊಡುವ ಮೆತ್ತನೆಯ ಊಟ. ಸಕ್ಕರೆ ಕಾಯಿಲೆಗೆ ಯಾವುದು ಬೇಡವೋ ಅದನ್ನೇ ಆ ಹೆಣ್ಣುಮಗಳು ಭಕ್ತಿಯಿಂದ ಉಣ್ಣಿಸಿದ್ದಳು. ಅಜ್ಜ ಸೊಸೆ ಆಚೆ ಹೋಗುವುದನ್ನೇ ಕಾದು ನನ್ನ ಕಡೆ ಬಾಗಿದ.

"ಅಕ್ಕಾರ, ಖರೇ ಹೇಳ್ರಿ, ನಾ ಸಾಯಾಕ ಬಂದೇನೇನು? ಮನ್ಯಾಗ ನನಗ ಅನ್ನಾ ಉಣಸಾಕತ್ತಾರ."

ನನಗೆ ನಗು ಬರಲಿಲ್ಲ. ಆ ಅಜ್ಜ ಅಷ್ಟೂ ದಿನ ತಾನು ಸಾಯುತ್ತೇನೆ ಎಂದುಕೊಂಡೇ ಗಂಜಿ ಕುಡಿದಿದ್ದ. ಅಂದಿನಿಂದ ನನ್ನ ಕೋಣೆಯಲ್ಲಿ ಪಥ್ಯ ಎನ್ನುವ ಶಬ್ದ ಬಂದ್ ಆಯಿತು. ನಿಮ್ಮ ತಾಟಿನಲ್ಲಿ ಏನಿದೆ ಎಂದು ಕೇಳತೊಡಗಿದೆ. ತಾಟಿನ ಅರ್ಧ ಪಲ್ಯ, ಕಾಳು, ಹಸಿ ಸೌತೆ, ಮೂಲಂಗಿ ಇರಲಿ, ರೊಟ್ಟಿ ಒಂದು ಮೂಲೆಯಲ್ಲಿ ಕೂಡಲಿ ಎಂದು ಸ್ಟೀಲಿನ ತಾಟೊಂದನ್ನು ಮೇಜಿನ ಮೇಲಿಟ್ಟು ತೋರಿಸುತ್ತಿದ್ದೆ. ದೊಡ್ಡ ಡಾಕ್ಟರು ಇದೇನು ಖಾನಾವಳಿ ತೆಗೆದೀರಾ ಎಂದು ಗೇಲಿ ಮಾಡಿದರು. ಆದರೆ ತಾಟನ್ನು ತೆಗೆಸಲಿಲ್ಲ.

ಟಿಕೋಟಾದ ಕಸ್ತೂರಿಯ ಸಂಗತಿ ಬೇರೆ ಬಗೆಯದು. ಟಿಕೋಟಾ ಸುತ್ತ ದ್ರಾಕ್ಷಿ ಒಣಗಿಸುವ ಶೆಡ್ಡುಗಳು ಬಹಳ. ಕಸ್ತೂರಿ ಅಲ್ಲಿ ಒಣದ್ರಾಕ್ಷಿ ಆರಿಸುವ ಕೂಲಿ ಮಾಡುತ್ತಿದ್ದಳು. ಚುರುಕಿನ ಹೆಂಗಸು, ಹೇಳಿದ್ದನ್ನೆಲ್ಲ ಮಾಡುವವಳು. ಅನ್ನ ಬಿಟ್ಟಳು, ಚಹಾದ ಸಕ್ಕರೆ ಬಿಟ್ಟಳು, ರೊಟ್ಟಿ ಅರ್ಧಕ್ಕೆ ಇಳಿಸಿದಳು. ಸಕ್ಕರೆ ಮಾತ್ರ ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಡಾಕ್ಟರು ಅವಳು ಸುಳ್ಳು ಹೇಳುತ್ತಾಳೆ ಎಂದರು. ನನಗೆ ಹಾಗನ್ನಿಸಲಿಲ್ಲ. ಒಳಗೆ ಬೇರೆ ಯಾವುದೋ ದೊಡ್ಡ ಕಾಯಿಲೆ ಇದ್ದೀತು, ನಾನು ಗುರುತಿಸದೆ ಹೋದರೆ ಅವಳ ಗತಿಯೇನು ಎಂದು ಅಂಜಿದ್ದೆ. ಒಂದು ದಿನ ಬಸ್ಸು ತಪ್ಪಿ ಸುಮ್ಮನೆ ಅವಳ ಶೆಡ್ಡಿನ ಕಡೆ ಹೋದೆ. ಹೆಂಗಸರು ಸಾಲಾಗಿ ಕೂತು ಒಣದ್ರಾಕ್ಷಿ ಆರಿಸುತ್ತಿದ್ದರು. ಕೈ ಆಡುತ್ತಿತ್ತು, ಹರಟೆ ನಡೆದಿತ್ತು, ನಡುನಡುವೆ ಒಂದೊಂದು ಹಣ್ಣು ತಾನಾಗಿ ಬಾಯಿಗೆ ಹೋಗುತ್ತಿತ್ತು. ಕಸ್ತೂರಿಗೆ ಅದರ ಅರಿವೇ ಇರಲಿಲ್ಲ. ತೋರಿಸಿದಾಗ ಅವಳು ಕಕ್ಕಾಬಿಕ್ಕಿಯಾಗಿ, ಅದು ತಿಂದಂಗಾತೇನ್ರಿ, ಅದು ಕೆಲಸ ಅಲ್ಲೇನ್ರಿ ಎಂದಳು.

ಅವಳು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ್ದೇ ತಪ್ಪಾಗಿತ್ತು. ಏನು ತಿನ್ನುತ್ತೀರಿ ಎಂದರೆ ಜನ ತಾಟಿನಲ್ಲಿ ಬಡಿಸಿಕೊಂಡದ್ದನ್ನು ಹೇಳುತ್ತಾರೆ. ಹಿಟ್ಟು ನಾದುವಾಗ, ಮಗುವಿಗೆ ಉಣ್ಣಿಸುವಾಗ, ಅಂಗಡಿಯ ಗಲ್ಲೆಯಲ್ಲಿ ಕೂತಾಗ ಬಾಯಿಗೆ ಹೋದದ್ದು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಕಸ್ತೂರಿ ಆಮೇಲೆ ಕೆಲಸಕ್ಕೆ ಕೂಡುವಾಗ ದವಡೆಯಲ್ಲಿ ಒಂದು ಲವಂಗ ಒತ್ತಿಟ್ಟುಕೊಳ್ಳತೊಡಗಿದಳು. ಮೊದಮೊದಲು ಜೊತೆಯವರು ಹಲ್ಲುನೋವೇನು ಎಂದು ಕಾಡಿಸಿದರಂತೆ. ಸಕ್ಕರೆ ಇಳಿಯಿತು.

ಇನ್ನು ಬದಲಾದ ಪದ್ಧತಿಯ ಮಾತು. ನಾವು ಕಲಿತ ಕಾಲದಲ್ಲಿ ಎಲ್ಲ ಕೇಡಿಗೂ ಎಣ್ಣೆಯೇ ಮೂಲ ಎಂದು ಕಲಿಸಿದ್ದರು. ನಾವು ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ ಬೇಡ, ತುಪ್ಪ ಬೇಡ, ಮೊಸರಿನ ಕೆನೆ ಬೇಡ, ರೊಟ್ಟಿ ಎಷ್ಟಾದರೂ ನಡೆದೀತು ಎನ್ನುತ್ತಿದ್ದೆವು. ವರ್ಷಗಳು ಕಳೆದಂತೆ ತಿಳಿವಳಿಕೆ ಬದಲಾಯಿತು. ಪಿಷ್ಟ ಕಡಿಮೆ ಮಾಡಿ, ಕಾಳು, ಸೊಪ್ಪು, ಮೊಸರು, ಶೇಂಗಾ, ತಿನ್ನುವವರು ತತ್ತಿ ತಿನ್ನಲಿ ಎಂದು ಹೇಳುವ ಕಾಲ ಬಂತು. ಅದೇ ಬಾಯಿಂದ ಉಲ್ಟಾ ಹೇಳಬೇಕಾದ ನಮ್ಮ ಮುಖ ನೋಡಬೇಕಿತ್ತು. ಬಬಲೇಶ್ವರದಲ್ಲಿ ಒಬ್ಬಾಕೆ ಎದ್ದು ನಿಂತೇ ಕೇಳಿದಳು, "ಅಂದ ಶೇಂಗಾ ಬ್ಯಾಡ ಅಂದ್ರಿ, ಇಂದ ರೊಟ್ಟಿ ಬ್ಯಾಡ ಅಂತೀರಿ. ನಾಳೆ ನೀರ ಬ್ಯಾಡ ಅಂತೀರೇನ್ರಿ ಅಕ್ಕಾರ?" ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಒಳಗೇ ಪುಕಪುಕ. ಇವರ ಮುಂದೆ ಇಷ್ಟು ವರ್ಷ ಖಚಿತವಾಗಿ ಹೇಳಿದ್ದು ತಪ್ಪಾಯಿತು ಎಂದರೆ, ಈಗ ಹೇಳುತ್ತಿರುವುದು ಸರಿ ಎನ್ನಲು ನನ್ನಲ್ಲಿ ಏನಿದೆ?

ಇಷ್ಟರಲ್ಲಿ ಎಲ್ಲರ ಕೈಗೂ ಮೊಬೈಲು ಬಂತು. ರೊಟ್ಟಿ, ಅನ್ನ ಪೂರ್ತಿ ಬಿಟ್ಟರೆ ಸಕ್ಕರೆ ಕಾಯಿಲೆ ಓಡಿಹೋಗುತ್ತದೆ ಎಂದು ಕೋಟು ಹಾಕಿದವರು ಮೊಬೈಲಿನಲ್ಲಿ ಹೇಳತೊಡಗಿದರು. ಅವರು ಹೇಳುವುದರಲ್ಲಿ ಅರ್ಧ ನಿಜವೂ ಇತ್ತು, ನನ್ನ ಭಯ ಅದೇ. ಪೂರ್ತಿ ಸುಳ್ಳಾಗಿದ್ದರೆ ಜನ ನಾಲ್ಕು ದಿನಕ್ಕೆ ಬಿಡುತ್ತಿದ್ದರು. ರೊಟ್ಟಿ ಬಿಟ್ಟವರ ಸಕ್ಕರೆ ನಿಜಕ್ಕೂ ಇಳಿಯುತ್ತದೆ. ಆದರೆ ಹಳೆಯ ಊಟಕ್ಕೆ ಲೆಕ್ಕ ಹಾಕಿ ಕೊಟ್ಟ ಗುಳಿಗೆಯನ್ನು ಹೊಸ ಊಟದ ಮೇಲೂ ಅಷ್ಟೇ ನುಂಗಿದರೆ ಸಕ್ಕರೆ ಎಲ್ಲಿಗೆ ಇಳಿದು ನಿಲ್ಲುತ್ತದೆ? ನೀವು ಈ ಕೆಲಸದಲ್ಲಿ ಅಂಜಬೇಕಾದದ್ದು ಏರಿದ ಸಕ್ಕರೆಗಲ್ಲ, ಅದು ನಿಧಾನ ಕೊಲ್ಲುವಂಥದ್ದು, ಉಪಾಯ ಹುಡುಕಲು ಸಮಯ ಕೊಡುತ್ತದೆ. ಒಮ್ಮೆಲೇ ಇಳಿದ ಸಕ್ಕರೆ ಸಮಯ ಕೊಡುವುದಿಲ್ಲ.

ಇದನ್ನು ನಾನು ರೋಗಿಗಳಿಗೆ ಹೇಳುತ್ತಿರಲಿಲ್ಲ ಎಂದಲ್ಲ. ಹೇಳುತ್ತಿದ್ದೆ. ಕೈ ನಡುಗಿದರೆ, ಬೆವರು ಬಂದರೆ, ಎದೆ ಹೊಡೆದುಕೊಂಡರೆ, ಮಾತು ತೊದಲಿದರೆ ತಡ ಮಾಡದೆ ಒಂದು ಹಿಡಿ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ ಎಂದು. ಆದರೆ ನಮ್ಮ ಪಾಠದ ಕ್ರಮ ಹೇಗಿತ್ತೆಂದರೆ, ಮೊದಲು ಸಕ್ಕರೆ ವಿಷ, ಸಕ್ಕರೆ ಬಿಡಿ, ಆಮೇಲೆ ಗುಳಿಗೆ, ಆಮೇಲೆ ಕಾಲಿನ ಆರೈಕೆ, ಕಟ್ಟಕಡೆಗೆ ಈ ಮಾತು. ಅಷ್ಟರಲ್ಲಿ ಹೊರಗೆ ಕಾಖಂಡಕಿಯ ಜೀಪು ಹಾರನ್ ಹೊಡೆಯುತ್ತಿತ್ತು, ಜನ ಚೀಲ ಎತ್ತಿಕೊಂಡು ಎದ್ದಿರುತ್ತಿದ್ದರು. ಎಷ್ಟೋ ಸಲ ಆ ಕೊನೆಯ ಮಾತನ್ನು ನಾನು ಬೆನ್ನುಗಳಿಗೆ ಹೇಳಿದ್ದೇನೆ. ಹಾರನ್ ಹೊಡೆಯುತ್ತಿದ್ದವನು ಹೆಚ್ಚಾಗಿ ನನ್ನ ತಮ್ಮನೇ.

ತಮ್ಮ ಮಲ್ಲು ಬಬಲೇಶ್ವರದಿಂದ ಕಾಖಂಡಕಿಗೆ ಜೀಪು ಓಡಿಸುತ್ತಾನೆ. ನಮ್ಮಪ್ಪನಿಗೆ ಸಕ್ಕರೆ ಇತ್ತು, ಅವನಿಗೆ ಬೇಗ ಬಂತು, ನನಗೆ ತಡವಾಗಿ ಬಂತು. ನಾನು ಇಷ್ಟು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವಳು, ನನ್ನ ಮಾತು ಅವನ ಕಿವಿಗೆ ಮಾತ್ರ ಹೋಗಲಿಲ್ಲ. ಮುಂಜಾನೆ ಮಿರ್ಚಿ ಭಜಿ, ಸ್ಟ್ಯಾಂಡಿನಲ್ಲಿ ಮಂಡಕ್ಕಿ ಸೂಸಲ, ಟ್ರಿಪ್ಪಿಗೊಂದು ಚಹಾ. ಗುಳಿಗೆಯೊಂದನ್ನು ಮಾತ್ರ ನಿಯತ್ತಾಗಿ ನುಂಗುತ್ತಿದ್ದ. ಅದಾದರೂ ಕೇಳಿದನಲ್ಲ ಎಂದು ನಾನು ಸಮಾಧಾನ ಪಡುತ್ತಿದ್ದೆ.

ನಿವೃತ್ತಿಯಾದ ಮೇಲೆ ನನಗೆ ಸಕ್ಕರೆ ಬಂದಿದೆ ಎಂದು ಗೊತ್ತಾದಾಗ ನನ್ನ ಅಂಜಿಕೆಯ ಪಾಡು ಕೇಳಬೇಡಿ. ಎಲ್ಲವನ್ನೂ ಬಲ್ಲವಳಿಗೆ ಎಲ್ಲ ಭಯವೂ ಒಟ್ಟಿಗೆ ಬರುತ್ತದೆ, ಕಣ್ಣು, ಕಿಡ್ನಿ, ಕಾಲು. ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರು, ಚಿಕ್ಕ ವಯಸ್ಸಿನವರು, ನನ್ನನ್ನು ಕೂಡಿಸಿಕೊಂಡು, ನೀವು ಮಾಡಬಲ್ಲಿರಿ, ಪಿಷ್ಟ ಇಳಿಸೋಣ, ಆದರೆ ಮೊದಲು ಗುಳಿಗೆ ಇಳಿಸಿ ಆಮೇಲೆ ರೊಟ್ಟಿ ಇಳಿಸೋಣ ಎಂದರು. ಮುಂಜಾನೆಗೆ ಚಿಕ್ಕದೊಂದು ಗುಳಿಗೆ ಉಳಿಯಿತು. ಅದನ್ನು ನುಂಗಿದ ಮೇಲೆ ತಿನ್ನಲು ತಡ ಮಾಡಬಾರದು ಎಂದು ಎರಡು ಸಲ ಹೇಳಿದರು. ನನಗೇ ಹೇಳುತ್ತಾರಲ್ಲ ಎಂದು ಸ್ವಲ್ಪ ಮುನಿಸೂ ಬಂತು.

ಆ ಮೊದಲ ದಿನಗಳನ್ನು ಹೇಳಬೇಕು, ಏಕೆಂದರೆ ನೀವು ಬೇರೆಯವರಿಗೆ ಬಿಡಿ ಬಿಡಿ ಎನ್ನುವ ಮುಂಚೆ ನೀವೊಮ್ಮೆ ಬಿಟ್ಟು ನೋಡಬೇಕು. ಒಂದೇ ರೊಟ್ಟಿ, ಅದೂ ತೆಳ್ಳಗೆ ಬಡಿದದ್ದು. ಜೊತೆಗೆ ಮಡಿಕೆಕಾಳಿನ ಪಲ್ಯ, ಕಡಲೆಹಿಟ್ಟಿನ ಜುಣಕ, ಗಟ್ಟಿ ಮೊಸರು, ಗುರೆಳ್ಳಿನ ಹಿಂಡಿ, ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ. ಹೊಟ್ಟೆ ತುಂಬುತ್ತಿತ್ತು, ಊಟವಾಯಿತು ಎಂದು ಮಾತ್ರ ಅನ್ನಿಸುತ್ತಿರಲಿಲ್ಲ. ಎದುರಿಗೆ ಕೂತ ನಮ್ಮ ಮನೆಯವರು ಕಟಕ್ ರೊಟ್ಟಿ ಮುರಿಯುವ ಸಪ್ಪಳಕ್ಕೆ ನನಗೆ ಅಳು ಬರುತ್ತಿತ್ತು. ತಲೆನೋವು, ಸಿಡುಕು, ಯಾರು ಮಾತಾಡಿಸಿದರೂ ಹರಿಹಾಯುವುದು. ಮೇಜಿನ ಮೇಲೆ ತಾಟು ಇಟ್ಟುಕೊಂಡು ಎಷ್ಟು ಜನರಿಗೆ ಎಷ್ಟು ಸಲೀಸಾಗಿ ಇದನ್ನೆಲ್ಲ ಹೇಳಿದ್ದೆ! ಕೆಲವು ವಾರಗಳ ಮೇಲೆ ಹಗುರಾದೆ. ಸಕ್ಕರೆ ಇಳಿಯಿತು, ಮೊಣಕಾಲ ನೋವು ಹೋಯಿತು. ಗಾಂಧಿ ಚೌಕದಲ್ಲಿ ಸಂತೆಗೆ ಬಂದ ಹಳೆಯ ರೋಗಿಗಳು ನಿಲ್ಲಿಸಿ, ಏನು ಬಿಟ್ಟಿರಿ ಅಕ್ಕಾರ ಎಂದು ಕೇಳತೊಡಗಿದರು.

ತಮ್ಮನೂ ಕೇಳಿದ. ರೊಟ್ಟಿ ಕಡಿಮೆ ಮಾಡಿದೆ ಎಂದೆ. ಗುಳಿಗೆಯನ್ನು ಡಾಕ್ಟರು ಮೊದಲೇ ಇಳಿಸಿದ್ದನ್ನೂ ಹೇಳಿದೆ, ನೀನೂ ಒಮ್ಮೆ ಅವರನ್ನು ಕಂಡು ಬಾ ಎಂದೂ ಹೇಳಿದೆ. ಹೂಂ ಎಂದ. ಅವನ ಹೂಂ ಎಂಥದ್ದು ಎಂದು ಹುಟ್ಟಿದಾಗಿನಿಂದ ಬಲ್ಲೆ. ಅಕ್ಕ ಮಾಡಿದ್ದನ್ನು ತಮ್ಮ ಮಾಡಲಾರನೇ ಎಂಬ ಛಲ ಅವನಿಗೆ. ಮೊಬೈಲಿನ ಕೋಟಿನವರೂ ಜೊತೆಗೂಡಿದರು. ಅವನು ಕಡಿಮೆ ಮಾಡಲಿಲ್ಲ, ಪೂರ್ತಿ ಬಿಟ್ಟ. ರೊಟ್ಟಿ ಇಲ್ಲ, ಅನ್ನ ಇಲ್ಲ, ಭಜಿ ಇಲ್ಲ, ಚಹಾ ಇಲ್ಲ. ಮುಂಜಾನೆ ನಾಲ್ಕು ಸೌತೆ ಹೋಳು, ಒಂದು ಹಿಡಿ ಶೇಂಗಾ. ಜೀಪು ಹತ್ತಿದವರಿಗೆಲ್ಲ ತಾನು ಸಕ್ಕರೆ ಬಿಟ್ಟ ಕಥೆ ಹೇಳುತ್ತಿದ್ದನಂತೆ. ಅವನ ಹೆಂಡತಿ ರೇಣುಕಾ ಫೋನಿನಲ್ಲಿ ಇದನ್ನು ನಗುತ್ತ ಹೇಳಿದಳು.  ಮತ್ತೆ ಗುಳಿಗೆ ಎಂದು ಕೇಳಿದೆ. "ಅದನ್ನೇನ ತಪ್ಸಂಗಿಲ್ರಿ ಅಕ್ಕಾರ. ಏನ್ ಬಿಟ್ರೂ ಗುಳಿಗಿ ಬಿಡಬಾರ್ದಂತ ನೀವ ಹೇಳೀರಲ್ಲ," ಎಂದಳು.

ಅವನಿಗೆ ಫೋನು ಹಚ್ಚಿದೆ. ಅಂದು ಬಬಲೇಶ್ವರದ ಸಂತೆ, ಜೀಪು ತುಂಬಿರುತ್ತದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಮೂರನೆಯ ಸಲಕ್ಕೆ ಯಾರೋ ಎತ್ತಿದರು, ಮುದುಕಿಯ ದನಿ. ಗಂಗವ್ವ ಎಂದು ಆಮೇಲೆ ಗೊತ್ತಾಯಿತು, ಸಂತೆ ಮುಗಿಸಿಕೊಂಡು ಕಾಖಂಡಕಿಗೆ ಹೊರಟವಳು. ನಾನು ಅವನ ಅಕ್ಕ ಎಂದು ಹೇಳಿದೆ.

"ನಿನ್ನ ತಮ್ಮ ಕುಡದಾನ ನೋಡವಾ," ಎಂದಳು. "ಗಾಡಿ ಬಾಜೂಕ ಹಚ್ಚಿ ಸ್ಟೇರಿಂಗ್ ಮ್ಯಾಲ ಮಲಗ್ಯಾನ. ಹಾಡಾ ಹಗಲ."

ಮಲ್ಲು ಕುಡಿಯುವವನಲ್ಲ. ಬೆವೆತಿದ್ದಾನೆಯೇ ಎಂದು ಕೇಳಿದೆ. ಅಂಗಿ ಹಿಂಡಿದರೆ ನೀರು ಬರುತ್ತದೆ ಎಂದಳು. ಮಾತಾಡಿಸಿದರೆ ಮಾತಾಡುತ್ತಾನೆಯೇ ಎಂದೆ. ಏನೋ ತೊದಲುತ್ತಾನೆ, ಕಣ್ಣು ಬಿಡುತ್ತಾನೆ, ಮುಚ್ಚುತ್ತಾನೆ ಎಂದಳು. ಕಣ್ಣು ಬಿಡುತ್ತಾನೆ, ನುಂಗಬಲ್ಲ, ಇನ್ನೂ ಸಮಯವಿದೆ. ತಡಮಾಡದೆ ಏನಾದರೂ ಸಿಹಿ ಕೊಡಿ, ಸಕ್ಕರೆ, ಬೆಲ್ಲ, ಇದ್ದದ್ದನ್ನು ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸಿ ಎಂದೆ.  ಆಮೇಲೆ ಒಬ್ಬ ಗಂಡಸಿನ ದನಿ ಹತ್ತಿರ ಬಂತು.

"ಸಕ್ರಿ ಕೊಡಬ್ಯಾಡ್ರಿ. ಅಂವಗ ಸಕ್ರಿ ಬ್ಯಾನಿ ಐತಿ, ತಾನ ಹೇಳ್ಯಾನ. ಸಕ್ರಿ ಬ್ಯಾನಿಯವರಿಗೆ ಸಕ್ರಿ ಅಂದ್ರ ಇಸಾ. ದವಾಖಾನ್ಯಾಗ ರೊಟ್ಟಿ ಅಕ್ಕಾರ ನನಗ ಕುಂಡ್ರಿಸಿ ಹೇಳ್ಯಾರ."

ಫೋನನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ಆ ರೊಟ್ಟಿ ಅಕ್ಕಾರ ನಾನ ಅದೇನ್ರಿ," ಎಂದೆ. "ನಾನ ಹೇಳಾಕತ್ತೇನಿ, ಕೊಡ್ರಿ."

ಅವನು ನಂಬಲಿಲ್ಲ. ಹಾಗಾದರೆ ಅಂದು ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಉತ್ತರ ಹೇಳುತ್ತ ಕೂತರೆ ನನ್ನ ತಮ್ಮ ಉಳಿಯುವುದಿಲ್ಲ. ಹಿಂದಿನಿಂದ ಇನ್ನಾರೋ, ಯಾರದೋ ಮಾತು ಕೇಳಿ ಹೆಚ್ಚುಕಮ್ಮಿ ಆದರೆ ಪೊಲೀಸರು ನಮ್ಮನ್ನು ಹಿಡಿಯುತ್ತಾರೆ, ಆಂಬುಲೆನ್ಸಿಗೆ ಫೋನು ಮಾಡಿದ್ದೇವೆ, ಅದು ಬರಲಿ ಎಂದರು. ಆಂಬುಲೆನ್ಸ್ ಬರುವುದರೊಳಗೆ ಏನಾಗುತ್ತದೆ ಎಂದು ನನಗೆ ಗೊತ್ತು. ಕೆಲಸದ ಉದ್ದಕ್ಕೂ ಜನ ನನ್ನ ಮಾತು ಕೇಳುವುದಿಲ್ಲ ಎಂದು ಗೊಣಗಿದವಳು ನಾನು. ಆ ಜೀಪಿನಲ್ಲಿ ನನ್ನ ಮಾತನ್ನು ಕೇಳಿ ಮನಸ್ಸಿನಲ್ಲಿಟ್ಟುಕೊಂಡ ಒಬ್ಬನೇ ಒಬ್ಬ ಮನುಷ್ಯ ನನ್ನ ತಮ್ಮನ ಬಾಯಿಗೆ ಅಡ್ಡ ನಿಂತಿದ್ದ. ನನಗೆ ಅಳು ಬಂತು, ಅತ್ತೆ. ಅಳುತ್ತಲೇ ಕೊಡಿರಿ, ಕೊಡಿರಿ ಎನ್ನುತ್ತಿದ್ದೆ.

ಆಗ ಗಂಗವ್ವನ ದನಿ ಕೇಳಿತು, ನನಗಲ್ಲ, ಅವನಿಗೆ ಹೇಳಿದ್ದು.

"ಅಕ್ಕ ಅದಾಳ ಅಕಿ. ಅಕ್ಕ ತಮ್ಮಗ ಇಸಾ ಹಾಕಂತಾಳೇನಪಾ? ಸರಿ ಅತ್ತಾಗ."

ಅವಳು ಸಂತೆಯಲ್ಲಿ ಕೊಂಡಿದ್ದ ಸಕ್ಕರೆಯ ಪೊಟ್ಟಣ ಹರಿದು ಬಾಟಲಿಯ ನೀರಿಗೆ ಸುರಿದಳಂತೆ. ಸಪ್ಪಳವಷ್ಟೇ ನನಗೆ ಕೇಳುತ್ತಿತ್ತು. ಅವನು ಹಲ್ಲು ಕಚ್ಚಿದ, ತಲೆ ತಿರುವಿದ, ಬಿಟ್ಟೇನಿ ಬಿಟ್ಟೇನಿ ಎಂದು ತೊದಲಿದ. ಗಂಗವ್ವ ಅವನ ಗದ್ದ ಹಿಡಿದು, ಕುಡಿ ನನ್ನಪ್ಪಾ, ಒಂದ ಗುಟುಕು, ಇನ್ನೊಂದ ಗುಟುಕು ಎಂದು ಮಗುವಿಗೆ ಹೇಳಿದ ಹಾಗೆ ಹೇಳುತ್ತಿದ್ದಳು. ಎಷ್ಟು ಹೊತ್ತೋ ಹೇಳಲಾರೆ. ನಾನು ನೆಲದ ಮೇಲೆ ಕೂತುಬಿಟ್ಟಿದ್ದೆ. ಕೊನೆಗೆ ಫೋನಿನಲ್ಲಿ ತಮ್ಮನ ದನಿಯೇ ಬಂತು, ಭಾರವಾಗಿ, ದೂರಿನ ದನಿಯಲ್ಲಿ.

"ಯಕ್ಕಾ, ಇವ್ರು ನನಗ ಸಕ್ರಿ ತಿನಿಸ್ಯಾರ ನೋಡು. ಇಷ್ಟ ದಿನಾ ಬಿಟ್ಟಿದ್ದೆಲ್ಲಾ ಹಾಳಾತು."

ಅಷ್ಟು ಚೆಂದದ ದೂರನ್ನು ನನ್ನ ಸೇವೆಯಲ್ಲೇ ಕೇಳಿಲ್ಲ. ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯದು. ಗಾಡಿ ಮುಟ್ಟಬೇಡ, ಬೇರೆಯವರು ಓಡಿಸಲಿ ಎಂದೆ. ಗಂಗವ್ವ ತನ್ನ ಬುತ್ತಿಯ ರೊಟ್ಟಿ ಬಿಚ್ಚಿ ಅವನಿಗೆ ಉಣ್ಣಿಸಿ, ಆಂಬುಲೆನ್ಸ್ ಬರುವವರೆಗೆ ಕೈ ಬಿಡದೆ ಕೂತಿದ್ದಳು. ಕಣ್ಣು ಮಂಜಾದಾಗ ಜೀಪನ್ನು ಬದಿಗೆ ಹಚ್ಚುವಷ್ಟು ಎಚ್ಚರ ಅವನಿಗೆ ಉಳಿದಿತ್ತು. ಒಂದು ಗಳಿಗೆ ತಡವಾಗಿದ್ದರೆ ಆ ಜೀಪಿನಲ್ಲಿ ಕೂತ ಅಷ್ಟೂ ಜನರ ಗತಿ ಏನಾಗುತ್ತಿತ್ತು ಎಂದು ಯೋಚಿಸಿದರೆ ಇಂದಿಗೂ ಊಟ ಸೇರುವುದಿಲ್ಲ.

ಲೇಡಿ ಡಾಕ್ಟರು ಅವನ ಗುಳಿಗೆ ಅರ್ಧಕ್ಕಿಂತ ಕಡಿಮೆ ಮಾಡಿದರು. ಈಗ ಮುಂಜಾನೆ ಒಂದು ರೊಟ್ಟಿ, ಪಲ್ಯ, ಮೊಸರು ಉಂಡೇ ಗಾಡಿ ಹತ್ತುತ್ತಾನೆ. ಜೀಪಿನಲ್ಲಿ ಬೆಲ್ಲದ ಡಬ್ಬಿ ಇದೆ. ಗೋಡೆಯ ಮೇಲಿನ ಬರಹವನ್ನು ನೀವು ಸುಣ್ಣ ಹೊಡೆಸಿ ಅಳಿಸಬೇಕೆಂದಿದ್ದಿರಿ. ಅಳಿಸಬೇಡಿ ಎಂದೆ, ವಾರ ಮಾಡುವವರಿಗೆ ಅದು ಇನ್ನೂ ಬೇಕು. ಕೆಳಗೆ ಇನ್ನೊಂದು ಸಾಲು ಸೇರಿಸಿ ಎಂದೆ, 'ಊಟ ಬಿಡುವ ಮುಂಚೆ ನಮ್ಮನ್ನು ಕೇಳಿ'. ಪಾಠದ ಕ್ರಮವನ್ನೂ ಬದಲಿಸಿದ್ದೀರಿ. ನಡುಕ, ಬೆವರು, ಒಂದು ಹಿಡಿ ಸಕ್ಕರೆ, ಈ ಮಾತು ಈಗ ಮೊದಲು. ಉಳಿದದ್ದನ್ನು ಜೀಪು ಹಾರನ್ ಹೊಡೆದ ಮೇಲೆ ಹೇಳಿದರೂ ನಡೆಯುತ್ತದೆ.

ನನ್ನ ಅಂಜಿಕೆ ಮಾತ್ರ ನಿವೃತ್ತಿಯಾಗಲಿಲ್ಲ. ದಿನಾ ಮುಂಜಾನೆ ಮೊದಲ ಟ್ರಿಪ್ಪಿನ ಹೊತ್ತಿಗೆ ಫೋನು ಹಚ್ಚುತ್ತೇನೆ. ಅವನು ತಿಂದೇನಿ ಎಂದು ಒಂದೇ ಶಬ್ದ ಹೇಳಿ ಇಡುತ್ತಾನೆ. ಮೊನ್ನೆ ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ನಮ್ಮ ಮನೆಯವರು ವಾಕಿಂಗಿಗೆ ಹೋಗಿದ್ದರು. ಒಲೆಯ ಪಕ್ಕ ನನ್ನ ತಾಟು ಮುಚ್ಚಿಟ್ಟಿತ್ತು. ಅಡುಗೆಮನೆಗೂ ಬಾಗಿಲಿಗೂ ಓಡಾಡಿದೆ. ಎದೆ ಡವಡವ, ಕೈ ನಡುಗಿ ನಂಬರು ಒತ್ತಲು ಬಾರದು. ಕಣ್ಣ ಮುಂದೆ ಆ ಜೀಪು, ಆ ಸ್ಟೇರಿಂಗು. ಕೊನೆಗೆ ಅವನೇ ಫೋನು ಮಾಡಿದ. ಡೀಸೆಲ್ ಹಾಕಿಸುತ್ತಿದ್ದೆ, ಫೋನು ಗಾಡಿಯಲ್ಲಿತ್ತು ಎಂದ. ನಾನು ಏನೋ ಬೈಯಲು ಹೋದೆ. ನಾಲಿಗೆ ಹೊರಳಲಿಲ್ಲ.

"ಯಾಕ ಬೇ ಯಕ್ಕಾ, ದನಿ ಹಿಂಗ್ಯಾಕ ಬರಾಕತ್ತೈತಿ?"

ಏನಿಲ್ಲ, ಅಂಜಿದ್ದೆ ಎಂದೆ. ಕೈ ನಡುಗುತ್ತಿವೆಯೇ ಎಂದು ಕೇಳಿದ. ನನ್ನ ಕೈ ಯಾವಾಗ ನಡುಗುವುದಿಲ್ಲ ಎಂದೆ. ಬೆವೆತಿದ್ದೀಯೇನು ಎಂದ. ಚಳಿಗಾಲದ ಮುಂಜಾನೆ. ಹಣೆ ಮುಟ್ಟಿಕೊಂಡೆ, ಕೈಯೆಲ್ಲ ಒದ್ದೆಯಾಯಿತು.

"ಗುಳಿಗಿ ತಗೊಂಡಿ?"

"ಹೂಂ."

"ತಿಂದಿ?"

ಮುಚ್ಚಿಟ್ಟ ತಾಟಿನ ಕಡೆ ನೋಡಿದೆ. ಅದರ ಮೇಲಿನ ಮುಚ್ಚಳ ಹಾಗೇ ಇತ್ತು. ಜೀವಮಾನವೆಲ್ಲ ನಡುಗಿದ ಕೈಯನ್ನು ನಾನು ಒಮ್ಮೆಯೂ ಬೇರೆ ಕಾರಣಕ್ಕೆ ಅನುಮಾನಿಸಿರಲಿಲ್ಲ.

"ಸಕ್ರಿ ಡಬ್ಬಿ ಎಲ್ಲೈತಿ? ತಗಿ. ನಾ ಫೋನ್ ಇಡಂಗಿಲ್ಲ, ಸಪ್ಪಳ ಕೇಳಬೇಕು ನನಗ," ಎಂದ. ನಾನು ಡಬ್ಬಿ ತೆಗೆಯುವಾಗ ಮುಚ್ಚಳ ಕೈಜಾರಿ ಬಿತ್ತು. ಅದರ ಸಪ್ಪಳ ಅವನಿಗೂ ಕೇಳಿತು.

"ಹಾಂ. ಮೊದಲ ತಿನ್ನು, ಯಕ್ಕಾ. ಆಮ್ಯಾಲ ಅಂಜು."